ಒಂಬತ್ತು ಸುತ್ತಿಗೆ

ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಇದ್ದೆವು. ನನ್ನ ಗಂಡನ ಅಂತ್ಯಕ್ರಿಯೆ ಸೋಮವಾರ ಮುಗಿದಿತ್ತು. ಬಾಡಿಗೆಯ ಕುರ್ಚಿಗಳನ್ನು ಗುರುವಾರ ಸಂಜೆ ಲೆಕ್ಕ ಹಾಕಿ ಕಳಿಸಿ ಕೊನೆಯ ನೆಂಟರೂ ಹೊರಟಿದ್ದರು. ನೀರಿನ ಮೋಟಾರು ನಿಲ್ಲಿಸುವುದು ಅವನ ಕೆಲಸವಾಗಿತ್ತು. ಅದು ನಮ್ಮಿಬ್ಬರಿಗೂ ನೆನಪಾಗಲಿಲ್ಲ. ತೊಟ್ಟಿ ತುಂಬಿ ಗೋಡೆಯ ಮೇಲೆ ಹರಿಯಿತು. ಕೆಳಗಿನ ಮನೆಯಾಕೆ, "ಏನ್ರೀ, ಕಣ್ಣು ಕಾಣಲ್ವಾ, ನಮ್ಮ ಬಟ್ಟೆಯೆಲ್ಲ…" ಎಂದು ಕೂಗಲು ಶುರುಮಾಡಿ, ಯಾರ ಮನೆಯೆಂದು ನೆನಪಾಗಿ ಅರ್ಧಕ್ಕೇ ಬಾಯಿ ಮುಚ್ಚಿಕೊಂಡರು. ಅತ್ತೆ ಎದ್ದು ಮೋಟಾರು ನಿಲ್ಲಿಸಿದರು. ಆಮೇಲೆ ಇಬ್ಬರೂ ಚಹಾ ಕುಡಿದೆವು. ಅವರು ಪಾತ್ರೆ ತೊಳೆಯಲು ಹೋದರು.

ನಾನು ಬೀರುವಿನ ಮೇಲಿದ್ದ ಟ್ಯಾಬ್ ತೆಗೆದು, ಮಂಚದ ಮೇಲೆ ಕುಳಿತು, ಒಂದೇ ಬಣ್ಣದ ಮೂರನ್ನು ಕೂಡಿಸಿ ಒಡೆಯುವ ಗುಂಡುಗಳ ಆಟ ಆಡಿದೆ. ಮಧ್ಯಾಹ್ನದ ಊಟಕ್ಕೆ ಕರೆಯುವವರೆಗೂ ಆಡಿದೆ.

ಆ ಟ್ಯಾಬ್ ನಮ್ಮದಲ್ಲ. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್ ಆಗಿದ್ದ. ಅವನ ಕಂಪನಿಯ ಉಪಕರಣಗಳ ಕೋಣೆಯನ್ನು ನೋಡಿಕೊಳ್ಳುವವರನ್ನು ಎಲ್ಲರೂ ಸ್ಟೋರಿನವರು ಎನ್ನುತ್ತಾರೆ. ಟ್ಯಾಬ್ ಅವರ ತಾಯಿಯದು. ತಾಯಿಗೆ ಕಳೆದ ವರ್ಷ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಗಿತ್ತು. ಬೆರಳುಗಳಿಗೆ ಕೆಲಸ ಕೊಡಿ, ದಿನಕ್ಕೆ ಎರಡು ಗಂಟೆಯಾದರೂ ಎಡಗೈಯಲ್ಲೇ ಏನಾದರೂ ಆಡಿ ಎಂದು ಡಾಕ್ಟರು ಹೇಳಿದ್ದರಂತೆ. ಉಣ್ಣೆಯ ಚೆಂಡು ಹಿಚುಕುವುದು ಅವರಿಗೆ ಬೇಸರ. ಈ ಆಟ ಹಿಡಿಸಿತು. ಹೀಗೆ ಎಂಟುನೂರ ನಲವತ್ತಾರು ಹಂತ ದಾಟಿ, ಎಂಟುನೂರ ನಲವತ್ತೇಳರಲ್ಲಿ ಸಿಕ್ಕಿಹಾಕಿಕೊಂಡರು. ಒಂದೂವರೆ ತಿಂಗಳಾದರೂ ದಾಟಲಾಗಲಿಲ್ಲ. ಮಗ ಅದನ್ನು ಕೆಲಸದ ಜಾಗಕ್ಕೆ ತಂದರು. ಊಟದ ಹೊತ್ತಿನಲ್ಲಿ ಮೆಕ್ಯಾನಿಕ್‌ಗಳೆಲ್ಲ ಕೈಯಾಡಿಸಿ ಸೋತರು. ನನ್ನ ಗಂಡ, "ಎರಡು ದಿನ ನಂಗೆ ಕೊಡಿ. ಹೇಗೆ ದಾಟೋದು ಅಂತ ಬರೆದೂ ಕೊಡ್ತೀನಿ, ಅಮ್ಮ ಅವರೇ ದಾಟಲಿ. ಸೋಮವಾರ ವಾಪಸು" ಎಂದು ಹೇಳಿ ಹಿಂದಿನ ಶುಕ್ರವಾರ ಮನೆಗೆ ತಂದಿದ್ದ.

ಇದೆಲ್ಲ ಅವನೇ ನನಗೆ ಹೇಳಿದ್ದು. ಅಂದರೆ ಆ ಟ್ಯಾಬ್ ಯಾರದು, ಯಾಕೆ ಬೇಕು, ಯಾವತ್ತು ಕೊಡಬೇಕಾಗಿತ್ತು ಎಂಬುದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಅವನು ಮಂಚದ ಮೇಲೆ ಕಾಲು ಚಾಚಿ ಆಡುತ್ತಿದ್ದ. ನಾನು ಕೆಲಸ ಮಾಡುವ ಗ್ರಂಥಾಲಯದಿಂದ ತಂದ ಪುಸ್ತಕವೊಂದನ್ನು ಓದುತ್ತಿದ್ದೆ. "ಬಾರೇ, ನೋಡು, ಎರಡೇ ಬೀಗದ ಕೈ ಉಳಿದಿರೋದು" ಎಂದ. ನಾನು ತಲೆ ಎತ್ತದೆ, "ಮೂವತ್ತನಾಲ್ಕು ವರ್ಷ ಆಯ್ತು. ಮಕ್ಕಳಾಟ ಆಡೋಕೆ ನಾಚಿಕೆ ಆಗಲ್ವಾ ನಿಂಗೆ?" ಎಂದೆ. ಅವನು ನಕ್ಕ. "ಎಂ.ಎ. ಮಾಡಿದವರಿಗೆ ಇದು ಅರ್ಥ ಆಗಲ್ಲ ಬಿಡು" ಎಂದ. ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಹೃದಯ ಎಂದರು. ನಾಚಿಕೆಯ ಮಾತು ನಾನು ಅವನಿಗೆ ಆಡಿದ ಕೊನೆಯ ಮಾತೇನೂ ಅಲ್ಲ. ಆಮೇಲೆ ಒಣಗಿದ ಬಟ್ಟೆ ತರುವ ಬಗ್ಗೆ ಏನೋ ಹೇಳಿದ್ದೆ. ಅದು ಸರಿಯಾಗಿ ನೆನಪಿಲ್ಲ. ಇದು ನೆನಪಿದೆ.

ಅವನು ಬಿಟ್ಟ ಕೆಲಸ ಮುಗಿಸಬೇಕೆಂದು ನಾನು ಆಡಿದೆನೆಂದು ಯಾರಾದರೂ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಅದು ನಿಜವಲ್ಲ. ಆಡುವಾಗ ತಲೆಯಲ್ಲಿ ಏನೂ ಇರುತ್ತಿರಲಿಲ್ಲ. ಅದಕ್ಕೆ ಆಡಿದೆ.

ಟ್ಯಾಬಿನ ಕವರಿನೊಳಗೆ ಅವನು ಬರೆದ ಚೀಟಿ ಇತ್ತು. ನಕ್ಷೆಗಳ ಮೇಲೆ ಬರೆದು ಅಭ್ಯಾಸವಾದ ಚೌಕಾಕಾರದ ಅಕ್ಷರ.

"ಅಮ್ಮ, ಒಂದು: ಕೆಳಗಿನಿಂದ ಶುರು ಮಾಡಿ. ಮೇಲೆ ಎಷ್ಟು ಚೆನ್ನಾಗಿ ಕೂಡಿದ್ದರೂ ಮುಟ್ಟಬೇಡಿ. ಕೆಳಗೆ ಒಡೆದರೆ ಮೇಲಿನವು ತಾವಾಗಿಯೇ ಬಿದ್ದು ಒಂದಕ್ಕೊಂದು ಕೂಡುತ್ತವೆ. ಎರಡು: ಡಾಂಬರು ಮೊದಲು. ಒಂದು ನಡೆ ಬಿಟ್ಟರೆ ಪಕ್ಕದ ಮನೆಗೂ ಹರಡುತ್ತದೆ. ಮೂರು: ಬೀಗದ ಕೈಗಳು ಎರಡನೇ ಮತ್ತು ಎಂಟನೇ ಉದ್ದಸಾಲಿನಲ್ಲಿ ಮಾತ್ರ ಕೆಳಗಿಳಿಯುತ್ತವೆ. ಬೇರೆ ಸಾಲಿನಲ್ಲಿದ್ದರೆ ಮೊದಲು ಅಡ್ಡಕ್ಕೆ ಸರಿಸಿ. ನಾಲ್ಕು: ಆಟ ತೆರೆದಾಗ ಕೆಳಗಿನ ಎರಡು ಅಡ್ಡಸಾಲಿನಲ್ಲಿ ಒಂದೇ ಬಣ್ಣದ ಮೂರು ಹತ್ತಿರ ಇರದಿದ್ದರೆ, ಮೊದಲ ನಡೆ ಇಡುವ ಮುಂಚೆಯೇ ಹೊರಗೆ ಬನ್ನಿ. ಜೀವ ಕಡಿಮೆ ಆಗಲ್ಲ. ಮತ್ತೆ ತೆರೆದರೆ ಹೊಸ ಹಲಗೆ ಬರುತ್ತೆ. ಐದು: ಸುತ್ತಿಗೆ ಮುಟ್ಟಬೇಡಿ. ಕೊನೆಯ ಮೂರು ನಡೆ ಇರುವಾಗ ಮಾತ್ರ."

ಡಾಂಬರು ಎಂದರೆ ಗುಂಡುಗಳ ಮನೆಗಳನ್ನು ಮುಚ್ಚುತ್ತಾ ಹೋಗುವ ಕಪ್ಪು ಕಲೆ. ಸುತ್ತಿಗೆ ಎಂದರೆ ಯಾವ ಗುಂಡನ್ನಾದರೂ ಒಂದೇ ಏಟಿಗೆ ಒಡೆಯುವ ಸಹಾಯ. ಸುಮ್ಮನೆ ಸಿಗುವುದಿಲ್ಲ. ಒಂದು ತಿಂಗಳು ಒಂದು ದಿನವೂ ತಪ್ಪದೆ ಆಡಿದವರಿಗೆ ಒಂದು ಸುತ್ತಿಗೆ. ಆ ಮುದುಕಿಯ ಬಳಿ ಒಂಬತ್ತು ಇದ್ದವು. ನನ್ನ ಗಂಡ ಒಂದನ್ನೂ ಮುಟ್ಟಿರಲಿಲ್ಲ.

ನಡೆಗಳು ಇಪ್ಪತ್ತನಾಲ್ಕು. ಗುಂಡುಗಳ ನಡುವಿನಿಂದ ಹಲಗೆಯ ತಳಕ್ಕೆ ಇಳಿಸಬೇಕಾದ ಬೀಗದ ಕೈಗಳು ನಾಲ್ಕು. ನಾನು ನಾಲ್ಕನೆಯ ಸೂತ್ರಕ್ಕೇ ಅಂಟಿಕೊಂಡೆ. ತೆರೆಯುವುದು, ನೋಡುವುದು, ಹೊರಗೆ ಬರುವುದು. ತೆರೆಯುವುದು, ನೋಡುವುದು, ಹೊರಗೆ ಬರುವುದು. ಕೆಲವೊಮ್ಮೆ ಒಂದೂ ನಡೆ ಇಡದೆ ಗಂಟೆ ಕಳೆಯುತ್ತಿತ್ತು.

ಶನಿವಾರ ಪಕ್ಕದ ಬೀದಿಯ ದರ್ಜಿಯಾಕೆ ಮಾತಾಡಿಸಲು ಬಂದರು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಾನು ಗೋಡೆಗೆ ಒರಗಿ, ಮಂಡಿಯ ಮೇಲೆ ಟ್ಯಾಬ್ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದೆ.

"ಏನು ನೋಡ್ತಾ ಇದಾಳೆ?" ಎಂದು ಅವರು ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು.

"ಅವನ ಫೋಟೋ ಇರಬೇಕು. ಬೆಳಗಿಂದ ಅದೇ" ಎಂದರು ಅತ್ತೆ.

"ಅಯ್ಯೋ, ನೋಡಲಿ ಬಿಡಿ. ಕರೀಬೇಡಿ."

ಆಗಲೇ ಎದ್ದು ಹೊರಗೆ ಬಂದು, ಅಲ್ಲ ಅತ್ತೆ, ಇದು ಆಟ ಎಂದಿದ್ದರೆ ಮುಗಿಯುತ್ತಿತ್ತು. ನಾನು ಮಾಡಿದ್ದು ಇಷ್ಟೇ: ಗುಂಡು ಒಡೆಯುವ ಸದ್ದು ಕೇಳಬಾರದೆಂದು ಧ್ವನಿ ಪೂರ್ತಿ ಕಡಿಮೆ ಮಾಡಿದೆ.

ಅಲ್ಲಿಂದ ಮುಂದೆ ಅದು ಮನೆಯ ಮಾತಾಯಿತು. ಅತ್ತೆ ಫೋನಿನಲ್ಲಿ ತಮ್ಮ ಅಕ್ಕನಿಗೆ ಹೇಳಿದರು, ನನ್ನ ನಾದಿನಿಗೆ ಹೇಳಿದರು, ಹಾಲಿನವನಿಗೂ ಹೇಳಿದರು. "ಊಟ ತಿಂಡಿ ಬೇಡ ಅವಳಿಗೆ. ಅವನ ಮುಖ ಮುಂದಿಟ್ಕೊಂಡು ಕೂತಿರ್ತಾಳೆ." ನಾದಿನಿ ಬಂದಾಗ ಬಾಗಿಲು ತಟ್ಟಿ ಒಳಗೆ ಬರುತ್ತಿದ್ದಳು. ಈ ಮನೆಯಲ್ಲಿ ಯಾರೂ ಯಾವತ್ತೂ ನನ್ನ ಕೋಣೆಯ ಬಾಗಿಲು ತಟ್ಟಿದವರಲ್ಲ. ತಟ್ಟಿದ ಸದ್ದಿಗೆ ನಾನು ಆಟ ಮುಚ್ಚಿ, ಕಪ್ಪಾದ ಪರದೆಯನ್ನು ಮಡಿಲಲ್ಲಿ ಮಗುಚಿ ಹಾಕುತ್ತಿದ್ದೆ. ಅದನ್ನೂ ಅವಳು ದುಃಖವೆಂದೇ ತಿಳಿದಳು.

ಒಂದು ಸಂಜೆ ಅತ್ತೆ ಬಂದು ನನ್ನ ಪಕ್ಕದಲ್ಲೇ ಕುಳಿತರು. ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ನಂಗೂ ಒಂದೆರಡು ತೋರಿಸಮ್ಮ. ನೀನೊಬ್ಬಳೇ ನೋಡಿದ್ರೆ ಹೇಗೆ? ನಾನು ಹೆತ್ತವಳು."

"ಚಾರ್ಜ್ ಇಲ್ಲ ಅತ್ತೆ."

"ಆಯ್ತು. ಆದಾಗ ಹೇಳು."

ಅವರು ಕನ್ನಡಕ ಮಡಚಿ ಎದ್ದು ಹೋದರು. ಎಂಬತ್ತೊಂದು ಪರ್ಸೆಂಟ್ ಇತ್ತು. ಮರುದಿನ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ವಾರ ನಾನು ಆರು ಸುತ್ತಿಗೆ ಮುಗಿಸಿದೆ. ಕೊನೆಯ ಮೂರು ನಡೆಗೆಂದು ಕಾದದ್ದು ಎರಡು ಮಾತ್ರ. ಉಳಿದವನ್ನು ಸಿಟ್ಟಿನಲ್ಲಿ, ಆಟದ ನಡುವೆಯೇ, ಡಾಂಬರು ಹರಡಿದ ಕಡೆಯೆಲ್ಲ ಬೀಸಿದೆ. ಅರ್ಧ ವರ್ಷ ಒಬ್ಬರು ಸೋತ ಬೆರಳಿನಿಂದ ಒತ್ತಿ ಒತ್ತಿ ಗಳಿಸಿದ್ದನ್ನು ಒಂದು ವಾರದಲ್ಲಿ ಒಡೆದು ಮುಗಿಸಿದೆ. ಎಷ್ಟು ಉಳಿದಿವೆ ಎಂಬ ಅಂಕಿ ಪರದೆಯ ಬಲ ಮೂಲೆಯಲ್ಲಿ ಕಾಣುತ್ತದೆ. ಆ ಮೂಲೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ಆಡುವುದನ್ನು ರೂಢಿ ಮಾಡಿಕೊಂಡೆ.

ಮುಂದಿನ ಶನಿವಾರ ಸ್ಟೋರಿನವರು ಬಂದರು.

ಕಂಪನಿಯ ಪೆಟ್ಟಿಗೆಯಲ್ಲಿದ್ದ ನನ್ನ ಗಂಡನ ಸಾಮಾನು ತಂದಿದ್ದರು. ಊಟದ ಡಬ್ಬಿ, ಒಂದು ಜೊತೆ ಬೂಟು, ಒಂದು ಬಾಚಣಿಗೆ. ಆಮೇಲೆ ಜೇಬಿನಿಂದ ದಾರಕ್ಕೆ ಪೋಣಿಸಿದ ಹಿತ್ತಾಳೆಯ ಬಿಲ್ಲೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಪ್ರತಿಯೊಂದರ ಮೇಲೂ ಅರವತ್ತಮೂರು ಎಂದು ಕೊರೆದಿತ್ತು.

"ಇದೇನಪ್ಪ?" ಎಂದು ಅತ್ತೆ ಕೇಳಿದರು.

"ನಂಬರ್ ಬಿಲ್ಲೆ ಅಮ್ಮ. ನಮ್ಮಲ್ಲಿ ಒಬ್ಬೊಬ್ಬರಿಗೂ ಎಂಟು ಬಿಲ್ಲೆ ಇರುತ್ತೆ. ಸ್ಪ್ಯಾನರ್ ಬೇಕು ಅಂದ್ರೆ ಬಿಲ್ಲೆ ಕೊಡ್ಬೇಕು. ಸ್ಪ್ಯಾನರ್ ಇದ್ದ ಮೊಳೆಗೆ ಆ ಬಿಲ್ಲೆ ನೇತು ಹಾಕ್ತೀನಿ. ಸಾಮಾನು ವಾಪಸು ಬಂದ್ರೆ ಬಿಲ್ಲೆ ವಾಪಸು. ಇಪ್ಪತ್ತೆರಡು ವರ್ಷದಿಂದ ಹಾಗೇ. ಸಾಮಾನು ಬರದೆ ಬಿಲ್ಲೆ ಕೊಟ್ಟಿಲ್ಲ. ಮ್ಯಾನೇಜರ್‌ಗೂ ಕೊಟ್ಟಿಲ್ಲ."

"ನಮ್ಮವನು ಹೇಳ್ತಿದ್ದ. ಸ್ಟೋರಿನವರು ಹೆತ್ತಮ್ಮನ ಹತ್ರಾನೂ ಬಿಲ್ಲೆ ಇಸ್ಕೊಳ್ತಾರೆ ಅಂತ."

ಅವರು ನಕ್ಕರು. ನಗಬಾರದಿತ್ತೇನೋ ಎಂಬಂತೆ ಬೇಗ ನಿಲ್ಲಿಸಿದರು. ಅತ್ತೆ ಬಿಲ್ಲೆಗಳನ್ನು ಒಂದೊಂದೇ ಬೆರಳಿನಿಂದ ಸರಿಸಿದರು.

"ಏಳೇ ಇದೆ."

ಸ್ಟೋರಿನವರು ತಮ್ಮ ಚಪ್ಪಲಿ ನೋಡಿಕೊಂಡರು. "ಇನ್ನೊಂದು… ಅದು ಮನೆ ಸಾಮಾನಿಗೆ ಕೊಟ್ಟಿದ್ದು ಅಮ್ಮ. ತಮಾಷೆಗೆ. ಟ್ಯಾಬ್ ತಗೊಂಡು ಹೋಗುವಾಗ, ತಗೊಳ್ಳಿ ನಿಮ್ಮ ರೂಲು ಅಂತ ಒಂದು ಬಿಲ್ಲೆ ಕೊಟ್ಟಿದ್ರು. ನಾನೂ ಮೊಳೆಗೆ ಹಾಕಿದೆ. ಇರಲಿ ಬಿಡಿ, ಅವಸರ ಏನಿಲ್ಲ. ನಮ್ಮಮ್ಮ ಸ್ವಲ್ಪ… ಅವಸರ ಏನಿಲ್ಲ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವರು ಬಂದ ಕಾರಣ ನನಗೆ ಅವರನ್ನು ಕಂಡ ಕ್ಷಣವೇ ತಿಳಿದಿತ್ತು. ಬಾಯಿ ತೆರೆದೆ ಎಂದೇ ನನ್ನ ಭಾವನೆ. ಅತ್ತೆ ಮೊದಲು ಮಾತಾಡಿದರು.

"ಅದೊಂದು ಮಾತ್ರ ಕೇಳ್ಬೇಡಪ್ಪ. ನಿಂಗೆ ಕೈ ಮುಗೀತೀನಿ. ಅವನ ಫೋಟೋ ಎಲ್ಲ ಅದರಲ್ಲೇ ಇರೋದು. ಅದು ನೋಡ್ಕೊಂಡೇ ಈ ಹುಡುಗಿ ಉಸಿರಾಡ್ತಾ ಇದಾಳೆ. ಅದನ್ನೂ ಕಿತ್ಕೊಂಡ್ರೆ ಏನಾಗ್ತಾಳೋ."

ಸ್ಟೋರಿನವರು ನನ್ನ ಕಡೆ ನೋಡಿದರು. ಅದು ಅವರ ತಾಯಿಯ ಟ್ಯಾಬ್. ಎರಡು ದಿನಕ್ಕೆ ಹೋದ ಟ್ಯಾಬಿನಲ್ಲಿ ಯಾರ ಫೋಟೋ ಎಷ್ಟಿರುತ್ತದೆ ಎಂದು ಅವರು ಯೋಚಿಸಿರಬಹುದು. ಯೋಚಿಸಿದ್ದರೂ ಮುಖದಲ್ಲಿ ತೋರಲಿಲ್ಲ. ನಾನು ತಲೆ ತಗ್ಗಿಸಿದೆ. ತಲೆ ತಗ್ಗಿಸಿದ್ದನ್ನೇ ಅವರು ಉತ್ತರವೆಂದು ತಿಳಿದರು.

"ಛೇ ಛೇ, ಇಟ್ಕೊಳ್ಳಿ ಮೇಡಂ. ನಮ್ಮಮ್ಮನಿಗೆ ಬೇರೆ ಏನಾದ್ರೂ ನೋಡ್ತೀನಿ" ಎಂದು ಮೇಲಿನ ಜೇಬಿಗೆ ಕೈ ಹಾಕಿದರು. ಎಂಟನೆಯ ಬಿಲ್ಲೆ ಅಲ್ಲಿತ್ತು. ಟ್ಯಾಬ್ ಸಿಗುತ್ತದೆಂದು ನಂಬಿ, ನಿಯಮದಂತೆ ಅದನ್ನು ತಂದಿದ್ದರು. ಅದನ್ನು ಉಳಿದ ಏಳರ ಪಕ್ಕ ಇಟ್ಟು, ಚಹಾ ಕುಡಿಯದೆ ಎದ್ದರು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಮೆಟ್ಟಿಲಲ್ಲಿ ಅವರ ಹೆಜ್ಜೆ ಸದ್ದು ಕೇಳುತ್ತಿರುವಾಗಲೇ ಓಡಿಹೋಗಿ ಕೊಟ್ಟುಬಿಡಬಹುದಿತ್ತು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಭಾನುವಾರ ಆಡಿದೆ. ಸೋಮವಾರವೂ ಆಡಿದೆ. ಈಗ ದಾಟಿಬಿಟ್ಟರೆ ಕೊಡಲು ಒಂದು ಮುಖವಾದರೂ ಇರುತ್ತದೆ, "ತಗೊಳ್ಳಿ, ಅವನು ಒಪ್ಪಿಕೊಂಡಿದ್ದ ಕೆಲಸ ಆಗಿದೆ" ಎನ್ನಬಹುದು ಎಂದು ಲೆಕ್ಕ ಹಾಕಿದೆ. ಒಳ್ಳೆಯ ಮಾತು ಅಷ್ಟು ಬೇಗ ಸಿದ್ಧವಾಗಿತ್ತು.

ಸೋಮವಾರ ಮಧ್ಯಾಹ್ನ ಒಳ್ಳೆಯ ಹಲಗೆ ಬಂತು. ಕೆಳಗೆ ಮೂರು ನೀಲಿ, ಪಕ್ಕದಲ್ಲೇ ಎರಡು ಹಸಿರು. ಎಂಟನೆಯ ನಡೆಗೆ ಡಾಂಬರು ಪೂರ್ತಿ ಹೋಯಿತು. ಮೊದಲ ಬೀಗದ ಕೈ ಹನ್ನೊಂದರಲ್ಲಿ ಇಳಿಯಿತು, ಎರಡನೆಯದು ಹದಿನಾಲ್ಕರಲ್ಲಿ, ಮೂರನೆಯದು ಇಪ್ಪತ್ತರಲ್ಲಿ. ನಾಲ್ಕನೆಯದು ಎಂಟನೇ ಸಾಲಿನಲ್ಲೇ ಇತ್ತು. ಅದರ ಕೆಳಗೆ ನಾಲ್ಕು ಗುಂಡು. ಇಪ್ಪತ್ತೊಂದನೆಯ ನಡೆ ಮುಗಿದು ಮೂರು ಉಳಿದಾಗ, ಚೀಟಿಯಲ್ಲಿ ಹೇಳಿದಂತೆಯೇ, ಸುತ್ತಿಗೆ ತೆಗೆದೆ. ಒಂದು ಬೀಸಿದೆ. ಮೇಲಿನವು ಬಿದ್ದವು. ಎರಡನೆಯದು ಬೀಸಿದೆ. ಮೂರನೆಯದು. ಬೀಗದ ಕೈ ಕೆಳಗಿನಿಂದ ಎರಡನೆಯ ಮನೆಗೆ ಬಂತು. ಅದರ ಕೆಳಗೆ ಒಂದು ಹಳದಿ ಗುಂಡು. ಹಳದಿಗೆ ಜೊತೆ ಇರಲಿಲ್ಲ. ಜೊತೆ ತರಲು ಮೂರು ನಡೆಯಲ್ಲೂ ಪ್ರಯತ್ನಿಸಿದೆ. ಬರಲಿಲ್ಲ.

ನಡೆಗಳು ಮುಗಿದವು. ಹೆಬ್ಬೆರಳು ತೆಗೆದು ಬಲ ಮೂಲೆ ನೋಡಿದೆ. ಸೊನ್ನೆ.

ಇನ್ನು ಅಡಗಿಕೊಳ್ಳಲು ಏನೂ ಉಳಿದಿರಲಿಲ್ಲ. ಟ್ಯಾಬ್ ಹಿಡಿದು ಅಡುಗೆಮನೆಗೆ ಹೋದೆ. ಅತ್ತೆ ನೆಲದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದರು.

"ಅತ್ತೆ, ಇದರಲ್ಲಿ ಫೋಟೋ ಇಲ್ಲ."

"ಅಳಿಸಿ ಹೋಯ್ತಾ?" ಅವರ ಕೈ ಎದೆಗೆ ಹೋಯಿತು.

"ಇರಲೇ ಇಲ್ಲ. ಒಂದೂ ಇರಲಿಲ್ಲ. ನಾನು ಆಟ ಆಡ್ತಿದ್ದೆ."

"ಯಾವ ಆಟ?"

ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಬಣ್ಣದ ಗುಂಡುಗಳನ್ನು ಬಹಳ ಹೊತ್ತು ನೋಡಿದರು.

"ಇಷ್ಟು ದಿನಾನೂ?"

"ಹೂಂ."

"ಚಾರ್ಜ್ ಇಲ್ಲ ಅಂದಿದ್ದು?"

"ಸುಳ್ಳು."

ಅತ್ತೆ ಮಡಿಸಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದರು. "ನಾನು ಊರಿಗೆಲ್ಲ ಹೇಳಿದ್ನಲ್ಲೇ. ಆ ಮನುಷ್ಯನಿಗೆ ಕೈ ಬೇರೆ ಮುಗಿದೆ." ಸಿಟ್ಟು ಬಂದಿದ್ದರೆ ನನಗೆ ಸಲೀಸಾಗುತ್ತಿತ್ತು. ಅವರ ಕಿವಿ ಕೆಂಪಾಗಿತ್ತು. ನಾನು ಮಾಡಿದ್ದಕ್ಕೆ ಅವರು ನಾಚುತ್ತಿದ್ದರು.

"ನಾಳೆ ಹೋಗಿ ಕೊಟ್ಟು ಬರ್ತೀನಿ" ಎಂದೆ.

"ನೀನೇ ಹೋಗು. ನಾನು ಬರಲ್ಲ. ನಂಗೆ ಮುಖ ಇಲ್ಲ." ಟವೆಲನ್ನು ಮಡಿಸಿದ ಬಟ್ಟೆಗಳ ಮೇಲಿಟ್ಟು, "ಅವನ ಫೋನಲ್ಲಿ ಇರಬಹುದಾ ಫೋಟೋ?" ಎಂದು ಕೇಳಿದರು.

ಅವನ ಫೋನು ಹದಿನೈದು ದಿನದಿಂದ ಮೇಜಿನ ಡ್ರಾಯರಿನಲ್ಲಿತ್ತು. ನಾನು ತೆರೆದು ನೋಡಿರಲೇ ಇಲ್ಲ. ಅದನ್ನು ತಂದು ಚಾರ್ಜಿಗೆ ಹಾಕಿ ಅವರ ಕೈಗೆ ಕೊಟ್ಟೆ.

ಮಂಗಳವಾರ ಹತ್ತು ಗಂಟೆಗೆ ಸ್ಟೋರಿನವರ ಮನೆ ಹುಡುಕಿಕೊಂಡು ಹೋದೆ. ಹಳೆಯ ಕಟ್ಟಡದ ನೆಲಮಹಡಿ. ಬೆಲ್ ಒತ್ತಿದ ಮೇಲೆ ಬಹಳ ಹೊತ್ತು ಕೋಲಿನ ಸದ್ದು, ಆಮೇಲೆ ಚಿಲಕದ ಸದ್ದು. ಬಾಗಿಲು ತೆರೆದವರು ಅವರ ತಾಯಿಯೇ. ಚಿಕ್ಕ ಮೈ, ಕತ್ತರಿಸಿದ ಬಿಳಿ ಕೂದಲು, ಎಡಗೈ ಹೊಟ್ಟೆಗೆ ಅವುಚಿಕೊಂಡಿತ್ತು.

"ಮಗ ಕೆಲಸಕ್ಕೆ ಹೋಗಿದಾನೆ."

"ನಿಮ್ಮನ್ನೇ ನೋಡೋಕೆ ಬಂದೆ. ನಾನು… ಟ್ಯಾಬ್ ತಗೊಂಡು ಹೋದವರ ಹೆಂಡತಿ."

ಅವರು ಪಕ್ಕಕ್ಕೆ ಸರಿದರು. ಕಿಟಕಿಯ ಬಳಿ ಒಂದು ಕುರ್ಚಿ, ಅದರ ಮುಂದೆ ಸ್ಟೂಲು. ಸ್ಟೂಲಿನ ಮೇಲೆ ಉಣ್ಣೆಯ ಚೆಂಡು. ಅವರು ಕುರ್ಚಿಯಲ್ಲಿ ಕುಳಿತರು. ನಾನು ನಿಂತೇ ಹೇಳಿದೆ. ಫೋಟೋ ಇರಲಿಲ್ಲವೆಂದು ಹೇಳಿದೆ. ಆಡಿದ್ದು ಹೇಳಿದೆ. ನಿಮ್ಮ ಮಗ ಬಂದಾಗಲೂ ಬಾಯಿ ಬಿಡಲಿಲ್ಲ, ಆಮೇಲೂ ಎರಡು ದಿನ ಆಡಿದೆ ಎಂದು ಹೇಳಿದೆ. ಗ್ರಂಥಾಲಯದಲ್ಲಿ ದಿನವೂ ನೂರು ಜನರೊಂದಿಗೆ ಮಾತಾಡುವವಳು ನಾನು. ಇಷ್ಟು ಹೇಳಲು ಮೂರು ಸಲ ಮೊದಲಿನಿಂದ ಶುರುಮಾಡಬೇಕಾಯಿತು.

"ದಾಟಿತಾ?" ಎಂದರು ಅವರು.

"ಇಲ್ಲ."

"ಸುತ್ತಿಗೆ ಎಷ್ಟಿದೆ?"

"ಇಲ್ಲ."

"ಇಲ್ಲ ಅಂದ್ರೆ?"

"ಒಂದೂ ಇಲ್ಲ."

"ಒಂಬತ್ತಿತ್ತು!" ಅವರ ದನಿ ಬೀದಿಗೆ ಕೇಳುವಷ್ಟಾಯಿತು. "ಒಂಬತ್ತಕ್ಕೆ ಒಂಬತ್ತೂ ಒಡೆದು ಹಾಕಿದ್ಯಾ? ಜ್ವರ ಬಂದಾಗ್ಲೂ ಒಂದು ದಿನ ತಪ್ಪಿಸಿರಲಿಲ್ಲ ನಾನು! ಗಂಡ ಸತ್ತವಳಿಗೆ ಏನೂ ಅನ್ಬೇಡ ಅಂತ ಮಗ ಹೇಳಿದಾನೆ. ಅದಕ್ಕೆ ಏನೂ ಅಂತಿಲ್ಲ."

"ಅನ್ನಿ."

"ಅನ್ನಲ್ಲ. ಅಂದ್ರೆ ನಿಂಗೆ ಹಗುರ ಆಗುತ್ತೆ."

ನಾನು ಚೀಟಿ ತೆಗೆದು ಕೊಟ್ಟೆ. ಅವರು ಬಲಗೈಯಲ್ಲಿ ಹಿಡಿದು, ದೂರ ಮಾಡಿ, ತುಟಿ ಆಡಿಸುತ್ತಾ ಓದಿದರು. ಐದನೆಯ ಸಾಲಿನಲ್ಲಿ ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದರು.

"ಅವನು ಬರೆದಿದ್ದು ಸರಿಯಾಗೇ ಇದೆ. ನೀನು ಇಷ್ಟು ದಿನ ಆಡಿದ್ಯಲ್ಲ, ನೀನೇನು ಕಂಡ್ಕೊಂಡೆ?"

"ಎಡಗಡೆ ಮೇಲಿನ ಮೂಲೆ ಮುಟ್ಟಬಾರದು. ಮುಟ್ಟಿದ್ರೆ ಡಾಂಬರು ಎರಡನೇ ಸಾಲಿಗೆ ಇಳಿಯುತ್ತೆ."

"ಅದು ನಂಗೂ ಗೊತ್ತು" ಎಂದರು.

ಚೀಟಿಯನ್ನು ಸ್ಟೂಲಿನ ಮೇಲಿಟ್ಟು, ಅವರು ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಿಗೆ ತಂದರು. ಬೆರಳುಗಳು ಮುಷ್ಟಿಯಂತೆ ಒಳಗೆ ಮಡಿಚಿಕೊಂಡಿದ್ದವು. ಬಿಡಿಸಲು ನೋಡಿದರು. ತೋರುಬೆರಳು ಎದ್ದಿತು. ನಡುಬೆರಳು ಸ್ವಲ್ಪ ನಡುಗಿ ನಿಂತಿತು.

"ಹೋದ ತಿಂಗಳು ಎರಡೂ ಏಳ್ತಿತ್ತು" ಎಂದರು. ನನಗೆ ಹೇಳಿದ್ದಲ್ಲ, ಬೆರಳಿಗೆ ಹೇಳಿದಂತಿತ್ತು. ಆಮೇಲೆ, "ವೈರ್ ತಂದಿದೀಯಾ?"

"ತಂದಿದೀನಿ."

"ಅಲ್ಲಿಡು. ಅದನ್ನ ಇಲ್ಲಿ ಕೊಡು. ಬಲಗೈಗಲ್ಲ, ಈ ಕೈಗೆ."

ಟ್ಯಾಬನ್ನು ಅವರ ಎಡ ಅಂಗೈಯ ಮೇಲಿಟ್ಟೆ. ಅದು ಜಾರಿತು. ಕೆಳಗೆ ನನ್ನ ಅಂಗೈ ಒಡ್ಡಿ ಹಿಡಿದೆ. ಅವರ ಹೆಬ್ಬೆರಳು ಅಂಚನ್ನು ಹುಡುಕಿತು, ತಪ್ಪಿತು, ಮತ್ತೆ ಹುಡುಕಿತು. ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಅವಸರವನ್ನೂ ಮಾಡಲಿಲ್ಲ. ನಾನು ಬಗ್ಗಿಕೊಂಡೇ ಇದ್ದೆ. ಹೆಬ್ಬೆರಳು ಅಂಚಿಗೆ ಸಿಕ್ಕಿತು, ತೋರುಬೆರಳು ಹಿಂದಿನಿಂದ ಒತ್ತಿತು.

"ಹೂಂ, ಬಿಡು" ಎಂದರು.

ಬಿಟ್ಟೆ.